ಕೂಲರ್ ಗಾಳಿಗೆ ಒಣಹಾಕಿದ ಶಾವಿಗೆ

ಮೊನ್ನೆ ಅಡಿಗೆಮನೆಯ ದೊಡ್ಡ ಡಬ್ಬಿಗಳನ್ನು ತೊಳೆಯಲು ಇಳಿಸಿದಾಗ ಒಂದರ ತಳದಲ್ಲಿ ವಿಚಿತ್ರ ವಸ್ತುವೊಂದು ಸಿಕ್ಕಿತು. ಕಿರುಬೆರಳಿನಷ್ಟು ದಪ್ಪ, ಗೇಣುದ್ದ, ಹಳೆಯ ಸೆಣಬಿನ ಬಣ್ಣ. ನೆಲಕ್ಕೆ ಕುಟ್ಟಿದರೆ ಟಣ್ ಎನ್ನುವಷ್ಟು ಗಟ್ಟಿ. ರಜೆಗೆ ಬಂದಿದ್ದ ಅಕ್ಕನ ಮಗಳು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಚಿಗವ್ವಾ, ಇದು ಯಾವ ಗಿಡದ ಬೇರು? ಔಷಧಕ್ಕ ಇಟ್ಟೀಯೇನು?" ಎಂದಳು.

"ಶಾವಿಗಿ ಅದು" ಎಂದೆ.

ಅವಳು ನಂಬಲಿಲ್ಲ. ನೀವೂ ನಂಬಲಿಕ್ಕಿಲ್ಲ. ಹಾಗಾಗಿ ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಆದರೆ ನಾನು ಹೇಳುವುದು ನಿಧಾನ. ಕುಷ್ಟಗಿಯ ಹೈಸ್ಕೂಲಿನಲ್ಲಿ ಬಹಳ ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವುದರಿಂದ, ಕಂಡದ್ದೆಷ್ಟು, ಊಹಿಸಿದ್ದೆಷ್ಟು ಎಂದು ಬೇರೆ ಬೇರೆ ಮಾಡದೆ ಮಾತು ಮುಂದೆ ಹೋಗುವುದಿಲ್ಲ. ಮನೆಯಲ್ಲಿ ಇದಕ್ಕೆ "ಹಾಜರಿ ಹಾಕಾಕ್ಹತ್ತಿದ್ಲು" ಎನ್ನುತ್ತಾರೆ.

ಮೊದಲು ಶಾವಿಗೆಯ ವಿಷಯ. ನಾನು ಬೆಳೆದದ್ದು ತಳಕಲ್ಲಿನಲ್ಲಿ, ಅಜ್ಜಿಯ ಮನೆಯಲ್ಲಿ. ಯುಗಾದಿ ಮುಗಿದು ಬೇವಿನ ಹೂ ಅಂಗಳದ ತುಂಬ ಉದುರುವ ಹೊತ್ತಿಗೆ ಅಜ್ಜಿ ಅಟ್ಟದಿಂದ ಶಾವಿಗೆ ಮಣೆ ಇಳಿಸುತ್ತಿದ್ದಳು. ಅದು ಕೂತು ಉಣ್ಣುವ ಮಣೆಯಲ್ಲ. ಆಳುದ್ದದ ಹಲಗೆ, ಮೈತುಂಬ ಉದ್ದುದ್ದಕ್ಕೆ ಕೊರೆದ ಸಣ್ಣ ಗೀರುಗಳು. ಒಂದು ತುದಿ ಹಗ್ಗದ ಹೊರಸು ಮಂಚದ ಮೇಲೆ, ಇನ್ನೊಂದು ಇಳಿಜಾರಾಗಿ ಕೆಳಗೆ. ಅಜ್ಜಿ ಕುದುರೆ ಏರಿದಂತೆ ಅದರ ಮೇಲೆ ಕೂತು, ಎಣ್ಣೆ ಹಚ್ಚಿ ನಾದಿದ ಗೋಧಿ ಕಣಕವನ್ನು ಅಂಗೈಯಿಂದ ಒತ್ತಿ ಹೊಸೆಯುತ್ತಿದ್ದಳು. ಕೆಳಗಿನ ತುದಿಯಿಂದ ಎಳೆಗಳು ಇಳಿಯುತ್ತಿದ್ದವು. ಅಲ್ಲಿ ಕೂತವರು ಅವನ್ನು ಹಿಡಿದು, ಜಗ್ಗಿ ಇನ್ನಷ್ಟು ಸಣ್ಣ ಮಾಡಿ, ಕೋಲಿನ ಮೇಲೆ ಇಳಿಬಿಡಬೇಕು. ಕೋಲನ್ನು ಮಾಳಿಗೆಗೆ ಒಯ್ದು ಎರಡು ಹೊರಸುಗಳ ನಡುವೆ ಇಡುವುದು ಮಕ್ಕಳ ಕೆಲಸ. ಮಾಳಿಗೆ ಕಾದ ಹೆಂಚಾಗಿರುತ್ತಿತ್ತು. ಒಂದು ಕಾಲು ಎತ್ತಿ ಒಂದು ಕಾಲು ಇಟ್ಟು ನಾವು ಕುಣಿಯುತ್ತ ಹೋಗಿ ಕುಣಿಯುತ್ತ ಬರುತ್ತಿದ್ದೆವು. ಬರುವಾಗ ಬಾಯಲ್ಲಿ ನಾಲ್ಕು ಹಸಿ ಎಳೆ. ಅಜ್ಜಿ ಕೇಳಿದರೆ ಗುಬ್ಬಿಯ ಹೆಸರು. ಪಾಪ, ತಳಕಲ್ಲಿನ ಗುಬ್ಬಿಗಳು ನಮ್ಮಿಂದ ಬಹಳ ಕೆಟ್ಟ ಹೆಸರು ತೆಗೆದುಕೊಂಡವು.

ಅಜ್ಜಿಯ ಹತ್ತಿರ ಹವೆ ನೋಡುವ ಯಂತ್ರವೂ ಒಂದಿತ್ತು. ಕಲ್ಲುಪ್ಪಿನ ಗಡಿಗೆ. ಮುಂಜಾನೆ ಅದರೊಳಗೆ ಕೈ ಹಾಕಿ, ಉಪ್ಪು ಬೆರಳಿಗೆ ಅಂಟಿದರೆ "ಇವತ್ತ ಬ್ಯಾಡ" ಎನ್ನುತ್ತಿದ್ದಳು. ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರು ಯಾವಾಗಲೂ ಇರುತ್ತದೆ, ಉಪ್ಪು ಅದನ್ನು ಎಳೆದುಕೊಂಡು ಬೆವರುತ್ತದೆ ಎಂದು ನಾನು ಓದಿ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಆದರೆ ಆ ಯಂತ್ರವೂ ತಪ್ಪು ಹೇಳುತ್ತಿತ್ತು. ಒಮ್ಮೆ ಉಪ್ಪು ಕೈಗೆ ಅಂಟಿತೆಂದು ಕೆಲಸ ನಿಲ್ಲಿಸಿದರೆ ಇಡೀ ದಿನ ಬೆಂಕಿಯಂಥ ಬಿಸಿಲು. ಆಮೇಲೆ ನೋಡಿದರೆ ಯಾರೋ ಒದ್ದೆ ಕೈ ಹಾಕಿದ್ದರು. ಗುಬ್ಬಿಯೇ ಇರಬೇಕು. ಈಗ ನನ್ನ ಮನೆಯಲ್ಲಿರುವುದು ಪಾಕೀಟಿನ ಪುಡಿ ಉಪ್ಪು. ಅದು ಬೆವರುವುದೂ ಇಲ್ಲ, ಏನನ್ನೂ ಹೇಳುವುದೂ ಇಲ್ಲ.

ನಾನು ಕ್ಲಾಸಿನಲ್ಲಿ ಹೇಳುವುದು ಹೀಗೆ: ಭೂಮಿ ಒಂದು ಕಲ್ಲಂಗಡಿ ಹಣ್ಣಾದರೆ, ಅದನ್ನು ಒದ್ದೆ ಬಟ್ಟೆಯಿಂದ ಒರೆಸಿದಾಗ ಸಿಪ್ಪೆಯ ಮೇಲೆ ಉಳಿಯುವ ತೇವದಷ್ಟೇ ತೆಳು ನಮ್ಮ ವಾತಾವರಣ. ಗಾಳಿ, ಮೋಡ, ಗುಡುಗು, ನಮ್ಮ ಉಸಿರು ಎಲ್ಲವೂ ಅಷ್ಟರೊಳಗೇ ಆಗಬೇಕು. ಅದರಲ್ಲಿರುವ ಕೆಲವು ಅನಿಲಗಳು ಕೌದಿಯಂತೆ ಭೂಮಿಯ ಕಾವನ್ನು ಹಿಡಿದಿಡುತ್ತವೆ. ಒಂದು ಕೌದಿ ಬೇಕೇ ಬೇಕು, ಇಲ್ಲವಾದರೆ ನಾವು ಚಳಿಗೆ ಸಾಯುತ್ತಿದ್ದೆವು. ನಾವು ಕಲ್ಲಿದ್ದಲು, ಪೆಟ್ರೋಲು ಸುಟ್ಟು ಸುಟ್ಟು ಅದರ ಮೇಲೆ ಮತ್ತೊಂದು, ಮಗದೊಂದು ಕೌದಿ ಹೊದಿಸುತ್ತಿದ್ದೇವೆ, ಅದೂ ಕುಷ್ಟಗಿಯ ಬೇಸಗೆಯಲ್ಲಿ. ಹಾಗೆಯೇ, ಇವತ್ತಿನ ಮಳೆ ಬಿಸಿಲು ಎಂದರೆ ಅತ್ತೆಯ ಇವತ್ತಿನ ಸಿಟ್ಟು. ವಾಯುಗುಣ ಎಂದರೆ ಅತ್ತೆಯ ಸ್ವಭಾವ. ಸಿಟ್ಟು ದಿನಕ್ಕೊಂದು, ಸ್ವಭಾವ ತಿಳಿಯಲು ವರ್ಷಗಳು ಬೇಕು. ಇದಕ್ಕೆ ಹುಡುಗಿಯರು ಯಾವಾಗಲೂ ನಗುತ್ತಾರೆ. ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿ ನಗದೆ ಎದ್ದು ನಿಂತು, "ಟೀಚರ್, ಸ್ವಭಾವಾನ ಬದಲಾದ್ರ ಸೊಸಿ ಏನ್ ಮಾಡ್ಬೇಕ್ರಿ?" ಎಂದಳು. ನಾನು ಗಂಟೆ ಹೊಡೆಯುವುದನ್ನು ಕಾದೆ.

ಈಗ ಕಥೆಗೆ ಬರುತ್ತೇನೆ. ನಮ್ಮ ಮನೆಯ ಎದುರಿಗೆ ಶಿವಗಂಗಕ್ಕನ ಮನೆ. ಆಕೆ ಬ್ಲೌಸ್ ಹೊಲಿದು ಸಂಸಾರ ನಡೆಸಿದವಳು. ಮಗಳು ಸುನಂದಾಳ ಮದುವೆ ಗಂಗಾವತಿ ಕಡೆಯ ಭತ್ತ ಬೆಳೆಯುವ ಮನೆತನಕ್ಕೆ ಗಟ್ಟಿಯಾಯಿತು. ಮದುವೆಯಲ್ಲಿ ಹೆಣ್ಣಿನ ಮನೆಯವರು ದೊಡ್ಡ ಬಿದಿರ ಹೆಡಿಗೆ ತುಂಬ ಶಾವಿಗೆ ಕಳಿಸುವುದು ನಮ್ಮಲ್ಲಿ ರೂಢಿ. ನಿಶ್ಚಯದ ದಿನ ಊಟವಾದ ಮೇಲೆ ಗಂಡಿನ ತಾಯಿ ಅನ್ನಪೂರ್ಣಮ್ಮ ಎಲೆ ಅಡಿಕೆ ಹಾಕಿಕೊಳ್ಳುತ್ತ, "ಶಾವಿಗಿಗೆ ಯಾಕ ಕಷ್ಟ ಪಡ್ತೀರಿ ಬೀಗ್ತೇರ? ಮಷಿನ್ನಿನಾಗ ಹಾಕಿಸಿ ಕಳಿಸ್ರಿ. ಈಗ ಕೈಲೆ ಹೊಸಿಯಾಕ ಯಾರಿಗೆ ಬರ್ತೈತಿ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಬಾಜೂಕ್ಕೇ ಕೂತಿದ್ದೆ. ಆದರೆ ಶಿವಗಂಗಕ್ಕನಿಗೆ ಅದು ಚುಚ್ಚಿತು.

"ನಮ್ಮ ಓಣಿಗೆ ಬರ್ತೈತ್ರಿ" ಎಂದಳು. "ಕೈ ಶಾವಿಗೀನ ಬರ್ತಾವ. ಸೂಜಿಯಾಗ ಪೋಣಿಸಬೇಕು, ಅಷ್ಟು ಸಣ್ಣ."

ಅಂದಿನಿಂದ ಅದು ಅವಳ ಮಾತು ಉಳಿಯುವ ಪ್ರಶ್ನೆಯಾಯಿತು. ನಿಜ ಹೇಳಬೇಕೆಂದರೆ ನಮ್ಮ ಓಣಿಯಲ್ಲಿ ಹೊಸೆಯಲು ಚೆನ್ನಾಗಿ ಬರುತ್ತಿದ್ದುದು ಹನುಮವ್ವ ಒಬ್ಬಳಿಗೆ. ವಯಸ್ಸಾದರೂ ಅವಳ ಕೈ ಗಟ್ಟಿ, ನಾಲಿಗೆ ಅದಕ್ಕಿಂತ ಗಟ್ಟಿ. ಉಳಿದವರು ಕೋಲು ಹಿಡಿಯುವವರು. ನಮ್ಮದು ದೊಡ್ಡ ಮಾಳಿಗೆಯಾದ್ದರಿಂದ ಕೆಲಸ ನಮ್ಮಲ್ಲೇ ಎಂದಾಯಿತು. ಹವೆಯ ಜವಾಬ್ದಾರಿ ನನ್ನ ಕೊರಳಿಗೆ ಬಿತ್ತು.

"ಟೀಚರ್ರ, ಇವತ್ತ ಹವಾ ಹೆಂಗೈತ್ರಿ?" ಎಂದಳು ಶಿವಗಂಗಕ್ಕ, ಮೇ ತಿಂಗಳ ಒಂದು ಮುಂಜಾನೆ.

ನಾನು ಫೋನು ತೆಗೆದು, ಕನ್ನಡಕ ಹಾಕಿಕೊಂಡು ನೋಡಿ, "ಬಿಸಿಲು" ಎಂದೆ.

ಹನುಮವ್ವ ಮಣೆ ಒರೆಸುತ್ತಿದ್ದಳು. "ಕುತ್ತಿಗಿ ಎತ್ತಿದ್ರೂ ಅದ ಕಾಣತಿತ್ತು. ಕನ್ನಡಕ ಉಳೀತಿತ್ತು" ಎಂದಳು.

ಫೋನಿನ ತಪ್ಪು ಎಂದು ಈಗಲೂ ನಾನು ಅನ್ನುವುದಿಲ್ಲ. ಅದು ಹೇಳುವುದು ಅಗಲವಾದ ಪ್ರದೇಶಕ್ಕೆ. ಬೇಸಗೆಯ ಗುಡುಗುಮೋಡ ಕೆಲವೊಮ್ಮೆ ಒಂದೇ ಊರಿನಷ್ಟಿರುತ್ತದೆ. ಈ ಊರಿನಲ್ಲಿ ಸುರಿದು ಪಕ್ಕದ ಊರಿನಲ್ಲಿ ಒಂದು ಹನಿಯೂ ಇಲ್ಲದೆ ಹೋಗುತ್ತದೆ.

ಮಧ್ಯಾಹ್ನದ ಊಟ ಮುಗಿದಿತ್ತು. ಮಾಳಿಗೆಯ ಮೇಲೆ ಕೋಲುಗಳ ಸಾಲು, ಬಿಳಿಯ ಎಳೆಗಳು ಅರ್ಧ ಒಣಗಿದ್ದವು. ಮೊದಲು ಗಾಳಿ ನಿಂತಿತು. ಬೇವಿನ ಎಲೆ ಒಂದೂ ಅಲುಗಲಿಲ್ಲ. ನೈಋತ್ಯದ ಮೂಲೆಯಲ್ಲಿ ಹೂಕೋಸಿನಂಥ ಮೋಡ ಎದ್ದಿತ್ತು. ನೆತ್ತಿ ಬಿಳಿ, ಬುಡ ಮಾತ್ರ ಶಾಯಿ ಚೆಲ್ಲಿದಂತೆ. ಆಮೇಲೆ ತೊಯ್ದ ಮಣ್ಣಿನ ವಾಸನೆ ಬಂತು. ಆಮೇಲೆ, ಕಾದ ಮುಖಕ್ಕೆ ಒಮ್ಮೆಲೇ ತಂಪು. ಅದು ಏಕೆಂದು ನನಗೆ ಗೊತ್ತಿತ್ತು: ಮೋಡದಿಂದ ಬೀಳುವ ನೀರು ದಾರಿಯಲ್ಲೇ ಆವಿಯಾಗಿ ಗಾಳಿಯನ್ನು ತಣ್ಣಗೆ ಮಾಡುತ್ತದೆ, ತಣ್ಣಗಾದ ಗಾಳಿ ಭಾರವಾಗಿ ಕೆಳಗೆ ಬಿದ್ದು, ನೆಲಕ್ಕೆ ಬಡಿದು ನಾಲ್ಕೂ ಕಡೆ ಹರಡುತ್ತದೆ. ಮಳೆಗಿಂತ ಮೊದಲು ಅದೇ ಬರುತ್ತದೆ. ಇದನ್ನೆಲ್ಲ ಬೋರ್ಡಿನ ಮೇಲೆ ಬಾಣ ಬರೆದು ತೋರಿಸಿದವಳು ನಾನು. ಆದರೂ ನಾನು ಮೋಡವನ್ನೇ ನೋಡುತ್ತ ನಿಂತಿದ್ದೆ.

"ನಿಂತು ನೋಡ್ತೀರಲ್ರೇ, ಕೋಲ ಎತ್ರಿ!" ಎಂದು ಹನುಮವ್ವ ಕಿರುಚಿದಳು.

ಗೋಡೆ ಕುಸಿದಂತೆ ಗಾಳಿ ಬಂತು. ದೂಳಿಗೆ ಕಣ್ಣು ಬಿಡಲಾಗಲಿಲ್ಲ. ಸುನಂದಾ ಮಾಳಿಗೆಯ ಕಟ್ಟೆಯ ಹತ್ತಿರ ನಿಂತು ಕೊನೆಯ ಕೋಲು ಎತ್ತುತ್ತಿದ್ದಳು. ಅವಳು ಕೋಲು ಹಿಡಿದು ಮೆಟ್ಟಿಲ ಕಡೆ ತಿರುಗಿದ್ದನ್ನು ಕಂಡೆ. ಹಿಂದಿನ ಮನೆಯ ದನದ ಕೊಟ್ಟಿಗೆಯಿಂದ ಒಂದು ತಗಡು ಎದ್ದದ್ದನ್ನು ಕಂಡೆ. ಅದು ಕಾಗದದಂತೆ ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಅವಳು ಬಿಟ್ಟು ಬಂದ ಜಾಗದಲ್ಲಿ ಕಟ್ಟೆಗೆ ಬಡಿದು, ಸಿಮೆಂಟು ಕಿತ್ತುಕೊಂಡು ಕೆಳಗೆ ಓಣಿಗೆ ಬಿತ್ತು. ಇಷ್ಟು ಕಂಡದ್ದು. ಒಂದು ಉಸಿರು ತಡವಾಗಿದ್ದರೆ ಎನ್ನುವುದು ಊಹೆ, ಅದನ್ನು ನಾನು ಬರೆಯುವುದಿಲ್ಲ. ಆದರೆ ಬಟ್ಟೆ ಒಣಹಾಕಲು ಹೋದಾಗ ಈಗಲೂ ನನ್ನ ಕೈ ತಾನಾಗಿ ಆ ಕಿತ್ತ ಜಾಗವನ್ನು ಮುಟ್ಟಿ ನೋಡುತ್ತದೆ.

ಆ ಒಂದು ಗಾಳಿಯನ್ನು ಹಿಡಿದು, ಇದೇ ವಾಯುಗುಣ ಬದಲಾದದ್ದಕ್ಕೆ ಸಾಕ್ಷಿ ಎಂದು ಹೇಳಲಾರೆ. ಬೇಸಗೆಯ ಅಡ್ಡಮಳೆ ಅಜ್ಜಿಯ ಕಾಲದಲ್ಲೂ ಬರುತ್ತಿತ್ತು. ಆದರೆ ಕಾದ ಗಾಳಿ ಹೆಚ್ಚು ನೀರು ಹೊರುತ್ತದೆ, ಹೊತ್ತದ್ದನ್ನು ಒಮ್ಮೆಲೇ ಇಳಿಸುತ್ತದೆ ಎನ್ನುವುದು ಗೊತ್ತಿರುವ ವಿಷಯ. ಬೇಸಗೆಯಲ್ಲಿ ಶಾವಿಗೆಗೆಂದು ಮೊದಲು ನಾವು ದಿನಕ್ಕೆ ಇಷ್ಟು ಸಲ ಆಕಾಶ ನೋಡುತ್ತಿರಲಿಲ್ಲ ಎನ್ನುವುದೂ ನನಗೆ ಗೊತ್ತು.

ನಾಲ್ಕು ದಪ್ಪ ಹನಿ ಬಿದ್ದು ಮಳೆ ಮುಗಿಯಿತು. ಶಾವಿಗೆ ಉಳಿದಿತ್ತು. ಕೋಲುಗಳನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಕುರ್ಚಿಯಿಂದ ಕುರ್ಚಿಗೆ, ಕುರ್ಚಿಯಿಂದ ಟೀವಿ ಸ್ಟ್ಯಾಂಡಿಗೆ ಇಟ್ಟೆವು. ತಗಡಿನ ಹೆದರಿಕೆ ಸುನಂದಾಳಿಗೆ ಇನ್ನೂ ಬಿಟ್ಟಿರಲಿಲ್ಲ. ಎಲ್ಲರೂ ಅವಳನ್ನು ಕರೆದುಕೊಂಡು ಎದುರುಮನೆಗೆ ಚಹಾ ಕುಡಿಯಲು ಹೋದೆವು. ಮನೆಯಲ್ಲಿ ಉಳಿದವರು ನಮ್ಮ ಮನೆಯವರು ಮಾತ್ರ.

ನಮ್ಮ ಮನೆಯವರು ಮುನಿರಾಬಾದಿನಲ್ಲಿ ನೀರಾವರಿ ಕೆಲಸದಲ್ಲಿದ್ದು ನಿವೃತ್ತರಾದವರು. ಯಾವ ಕಷ್ಟಕ್ಕೂ ನೀರಿಲ್ಲದ ಪರಿಹಾರ ಅವರಿಗೆ ಹೊಳೆಯುವುದಿಲ್ಲ. ಆಶ್ಚರ್ಯವೆಂದರೆ ಗಾಳಿಗೆ ಹೋಗಿದ್ದ ಕರೆಂಟು ಅವತ್ತು ಬೇಗ ಬಂತು. ಬಾರದಿದ್ದರೆ ಈ ಪ್ರಬಂಧವೇ ಇರುತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ನಾವು ತಿರುಗಿ ಬಂದು ಬಾಗಿಲು ತೆಗೆದರೆ ಒಳಗೆ ಹಿಮಾಲಯ. ಕೂಲರು ಭರ್ರೆನ್ನುತ್ತಿತ್ತು. ಇವರು ಎದುರಿಗೇ ಕೂತು ಶಾವಿಗೆ ಕಾಯುತ್ತಿದ್ದರು, ಮುಖದಲ್ಲಿ ಬಹಳ ತೃಪ್ತಿ.

"ಎರಡು ಕೊಡ ನೀರು ಹಾಕೇನಿ" ಎಂದರು. "ದೂಳು ಬರಬಾರದಂತ ಕಿಡಕಿ ಬಾಗಲಾ ಎಲ್ಲಾ ಹಾಕೇನಿ. ಮುಂಜಾನಿತನ ಕರಕರ ಅಂತಾವ ನೋಡ್ರಿ."

ಹನುಮವ್ವ ಹೋಗಿ ಒಂದು ಕೋಲು ಎತ್ತಿದಳು. ಎಳೆಗಳು ಒಂದಕ್ಕೊಂದು ಅಪ್ಪಿಕೊಂಡು, ಒಟ್ಟಾಗಿ, ಕೋಲಿನಿಂದ ಜೋತುಬಿದ್ದವು. ಆಕೆ ಅವನ್ನು ದೀಪಕ್ಕೆ ಹಿಡಿದು ನೋಡಿದಳು.

"ಅಣ್ಣಾರ, ಶಾವಿಗಿ ಒಣಗಿಸಾಕ ಕೊಟ್ಟಿದ್ವಿ. ನೀವು ಜಡಿ ಹೆಣದು ಕುಂದ್ರಿಸೀರಲ್ರಿ."

ಯಾರಿಗೂ ನಗು ತಡೆಯಲಾಗಲಿಲ್ಲ, ಶಿವಗಂಗಕ್ಕನೊಬ್ಬಳನ್ನು ಬಿಟ್ಟು. ಆಕೆ ಹೊಸ್ತಿಲಲ್ಲೇ ಕೂತಳು. "ಇರ್ಲಿ ಬಿಡ್ರಿ. ಮಗಳು ಉಳದಾಳ, ಅಷ್ಟ ಸಾಕು. ಮಷಿನ್ನಿನಾಗ ಹಾಕಿಸಿಬಿಡೂನು" ಎಂದಳು ಮೆಲ್ಲಗೆ. ಆಗ ನಮ್ಮ ನಗುವೂ ನಿಂತಿತು.

ಇವರಿಗೆ ಮಾತ್ರ ಅರ್ಥವಾಗಿರಲಿಲ್ಲ. "ಗಾಳಿಗೆ ಅರಿವಿ ಬಟ್ಟಿ ಒಣಗ್ತಾವ. ಶಾವಿಗಿಗೇನು ಧಾಡಿ?" ಎಂದು ನನ್ನನ್ನೇ ಕೇಳಿದರು.

"ಹಸಿದ ಗಾಳಿ ಆದ್ರ ಅರಿವ್ಯಾಗಿನ ನೀರು ಕುಡೀತೈತ್ರಿ. ಕೂಲರ್ ಗಾಳಿ ಆಗಲೇ ಹೊಟ್ಟಿತುಂಬ ನೀರು ಕುಡದು ಬಂದಿರ್ತೈತಿ. ಉಂಡು ಬಂದ ಬೀಗರಿದ್ದಂಗ, ಇನ್ನೊಂದು ತುತ್ತೂ ಒಲ್ಲೆ ಅಂತೈತಿ. ಅದರಾಗ ನೀವು ಬಾಗಲಾ ಬ್ಯಾರೆ ಹಾಕೀರಿ."

"ಊರ ಹುಡುಗ್ರಿಗೆಲ್ಲಾ ಹೇಳ್ತಿ. ಗಂಡಗ ಒಂದ ಮಾತು ಹೇಳಾಕ ಏನಾಗಿತ್ತು?"

ಮರುದಿನ ಬೆಳಿಗ್ಗೆ ಮತ್ತೆ ನಮ್ಮ ಪಡಸಾಲೆಯಲ್ಲಿ ಸೇರಿದ್ದಾಗ ಶಿವಗಂಗಕ್ಕನ ಫೋನು ರಿಂಗಾಯಿತು. ಅನ್ನಪೂರ್ಣಮ್ಮ. ದನಿ ಇಡೀ ಮನೆಗೆ ಕೇಳಿಸುತ್ತಿತ್ತು.

"ಬೀಗ್ತೇರ, ನಿಮ್ಮ ಕಡಿ ಬಿಸಲ ಬಿದ್ದೈತೇನ್ರಿ? ಮದುವಿ ಊಟಕ್ಕಂತ ಬ್ಯಾರೆ ತಗದಿಟ್ಟ ಭತ್ತ, ರಸ್ತಾಕ್ಕ ಒಣಹಾಕಿದ್ವಿ. ನಿನ್ನಿ ಮಳಿ ಹೊಡದು ಹಾಕ್ತು. ಇಲ್ಲಿ ಇನ್ನೂ ಮೋಡ ಸರದಿಲ್ಲ, ಗದ್ದಿ ಎಲ್ಲಾ ರಾಡಿ, ರಸ್ತಾದ ತುಂಬ ಊರ ಮಂದಿ ಭತ್ತ. ನಾಕು ಚೀಲ ಟೆಂಪೋದಾಗ ಹಾಕ್ಕೊಂಡು ಬರ್ಲೇನ್ರಿ?"

ಶಿವಗಂಗಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದು ನಮ್ಮ ಕಡೆ ನೋಡಿದಳು. ರಾತ್ರಿ ಅಂಟಿಕೊಂಡು ಹಗ್ಗಗಳಾದ ಶಾವಿಗೆ ಬುಟ್ಟಿಯಲ್ಲಿ ಬಿದ್ದಿತ್ತು. "ಬ್ಯಾಡ ಅಂತ ಹೆಂಗ ಅನ್ಲಿ? ಬಂದ್ರ ಇದನ್ನ ನೋಡ್ತಾರ." ಆಮೇಲೆ ಫೋನು ಕಿವಿಗೆ ಹಚ್ಚಿ, "ಬರ್ರಿ ಬೀಗ್ತೇರ, ಬಿಸಲಿಗೇನ್ ಕಡಿಮಿ?" ಎಂದಳು.

ಹನುಮವ್ವ ಆಗಲೇ ಎದ್ದಿದ್ದಳು. ಮನೆ ಮನೆಗೆ ಹೋಗಿ, ಇದ್ದಬದ್ದ ಗೋಧಿ ರವೆ ಕೂಡಿಸಿ ತಂದಳು. "ಅವ್ರು ಬರೂದ್ರಾಗ ಕಣಕ ಆಗ್ಲಿ. ಬಂದ ಮ್ಯಾಲ ಅಳೂದಿದ್ರ ಅತ್ತರಾತು." ಬುಟ್ಟಿಯನ್ನು ನಮ್ಮ ಹೊರಸಿನ ಕೆಳಗೆ ತಳ್ಳಿ, ಮೇಲೊಂದು ಹಳೆಯ ಲಂಗ ಮುಚ್ಚಿದೆವು.

ಹೊತ್ತು ನೆತ್ತಿಗೇರುವ ಮೊದಲೇ ಟೆಂಪೋ ಬಂತು. ಭತ್ತವನ್ನು ನಮ್ಮ ಮಾಳಿಗೆಯ ಒಂದು ಭಾಗದಲ್ಲಿ ಹರವಿದೆವು. ಚೀಲದೊಳಗೆ ಕೈ ಹಾಕಿದಾಗ ಅಂಗೈಗೆ ಬಿಸಿ ಹತ್ತಿತು, ಹುಳಿ ವಾಸನೆ. ಇನ್ನೊಂದು ದಿನ ಬಿಟ್ಟಿದ್ದರೆ ಮೊಳಕೆ ಬರುತ್ತಿತ್ತು. ಅನ್ನಪೂರ್ಣಮ್ಮ ಕೆಳಗೆ ಬಂದು ಹೊರಸಿನ ಮೇಲೆ ಕೂತರು. ಕಾಲು ಹಿಂದಕ್ಕೆ ಎಳೆದುಕೊಂಡಾಗ ಬುಟ್ಟಿಗೆ ತಗುಲಿತು. ಬಗ್ಗಿ ಲಂಗ ಸರಿಸಿ, ಒಂದು ಹಗ್ಗ ಮೇಲೆತ್ತಿದರು.

"ಇದೇನ್ರಿ?"

ಶಿವಗಂಗಕ್ಕ ನೆಲ ನೋಡಿದಳು. ನಮ್ಮ ಮನೆಯವರು ಗಂಟಲು ಸರಿಮಾಡಿಕೊಂಡು, "ಅದು ಶಾವಿಗಿರಿ. ಅವ್ರು ಛಲೋನ ಮಾಡಿದ್ರು. ನಾನು ಕೂಲರ್ ಹಚ್ಚೀನ್ರಿ" ಎಂದರು.

ಅನ್ನಪೂರ್ಣಮ್ಮ ಅದನ್ನು ಬೆಳಕಿಗೆ ಹಿಡಿದು, ಉಗುರಿನಿಂದ ಒಂದು ಎಳೆಯನ್ನು ಬಿಡಿಸಿದರು. ಅದು ನಿಜವಾಗಿಯೂ ಸೂಜಿಗೆ ಪೋಣಿಸುವಷ್ಟು ಸಣ್ಣಗಿತ್ತು. "ಕೈಲೇನ ಮಾಡೀರಿ" ಎಂದರು. ಆಮೇಲೆ ಎದ್ದು, ಸೆರಗು ನಡುವಿಗೆ ಸಿಕ್ಕಿಸಿ, "ಮಣಿ ಎಲ್ಲೈತ್ರಿ? ನಾ ಕೋಲ ಹಿಡೀತೀನಿ. ಹೊಸಿಯಾಕ ನನಗ ಬರಂಗಿಲ್ಲ" ಎಂದರು.

"ಕೋಲ ಹಿಡಿಯಾಕರ ಬರ್ತೈತೋ, ಇಲ್ಲೋ?" ಎಂದಳು ಹನುಮವ್ವ. ಬೀಗತಿ ಎಂದು ಅವಳೇನೂ ರಿಯಾಯಿತಿ ಕೊಡಲಿಲ್ಲ.

ಮಾಳಿಗೆಯ ಒಂದು ಕಡೆ ಭತ್ತ, ಒಂದು ಕಡೆ ಶಾವಿಗೆ. ಮಧ್ಯಾಹ್ನ ಒಮ್ಮೆಲೇ ನೆರಳು ಬಂತು. ತಲೆಯೆತ್ತಿದರೆ ಕಪ್ಪು ಬುಡದ ಮೋಡ. ನಾನು ಸುನಂದಾಳ ರಟ್ಟೆ ಹಿಡಿದು ಮೆಟ್ಟಿಲ ಹತ್ತಿರ ಎಳೆದುಕೊಂಡೆ. ಅದೇ ನನ್ನ ಮೊದಲ ಕೆಲಸವಾಗಿತ್ತು. ತಿರುಗಿ ನೋಡಿದಾಗ ಕಂಡದ್ದು ಇದು: ಶಿವಗಂಗಕ್ಕ ತನ್ನ ಶಾವಿಗೆಯನ್ನು ದಾಟಿ ಓಡಿ ತಾಡಪಾಲಿನಿಂದ ಭತ್ತ ಮುಚ್ಚುತ್ತಿದ್ದಳು. ಅನ್ನಪೂರ್ಣಮ್ಮ ತಮ್ಮ ಭತ್ತವನ್ನು ತುಳಿದುಕೊಂಡೇ ಬಂದು ಎರಡೂ ಕೈಗಳಲ್ಲಿ ಕೋಲು ಎತ್ತಿ, "ಭತ್ತ ತೊಯ್ದರ ತೊಯ್ಲಿ, ಮೊದಲ ಶಾವಿಗಿ ಒಳಗ ಒಯ್ರಿ!" ಎಂದು ಕೂಗುತ್ತಿದ್ದರು.

ಮೋಡ ಹುಲಿಹೈದರದ ಕಡೆಗೋ ಇನ್ನೆಲ್ಲಿಗೋ ಹೋಯಿತು. ಒಂದು ಹನಿಯೂ ಬೀಳಲಿಲ್ಲ. ಇಬ್ಬರೂ ಬೆವರಿಳಿಸುತ್ತ, ಏದುಸಿರು ಬಿಡುತ್ತ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮಳಿ ಬರಲಿಲ್ಲಾದ್ರೂ ಬೀಗ್ತೇರು ಇಬ್ಬರೂ ತೊಯ್ದೀರಿ ನೋಡ್ರಿ" ಎಂದಳು ಹನುಮವ್ವ.

ಅನ್ನಪೂರ್ಣಮ್ಮ ರಾತ್ರಿ ಎದುರುಮನೆಯಲ್ಲೇ ಉಳಿದರು. ಮರುದಿನ ಸಂಜೆಯವರೆಗೆ ಬಿಸಿಲು ಕಾದು, ಎರಡೂ ಕರಕರ ಒಣಗಿದವು. ಭತ್ತದ ಚೀಲಗಳನ್ನು ಟೆಂಪೋದ ಹಿಂದೆ ಹೇರಿದರು. ಶಾವಿಗೆಯ ಹೆಡಿಗೆಯನ್ನು ಮದುವೆಯ ದಿನ ಕಳಿಸುತ್ತೇನೆಂದು ಶಿವಗಂಗಕ್ಕ ಎಷ್ಟು ಹೇಳಿದರೂ ಅನ್ನಪೂರ್ಣಮ್ಮ ಕೇಳಲಿಲ್ಲ. "ಅಲ್ಲೀತನ ಇಲ್ಲೇ ಇಟ್ರ ಅಣ್ಣಾರು ಮತ್ತ ಕೂಲರ್ ಹಚ್ತಾರ" ಎಂದು ತಾವೇ ಎತ್ತಿಕೊಂಡರು. ಹಿಂದೆ ಚೀಲಗಳ ಬಾಜೂಕ್ಕೆ ಇಡಲೂ ಕೊಡಲಿಲ್ಲ. ಭತ್ತದ ಒಳಗೆ ಇನ್ನೂ ಹಸಿ ಇರುತ್ತದಂತೆ. ಮುಂದೆ ಡ್ರೈವರನ ಪಕ್ಕ ಕೂತು, ಹೆಡಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಕಿಟಕಿಯ ಗಾಜು ಪೂರ್ತಿ ಏರಿಸಿದರು.

"ಅಮ್ಮಾರ, ಗಂಗಾವತಿತನ ಹಿಂಗ ಹೋದ್ರ ಬೆಂದು ಹೋಗ್ತೀವ್ರಿ. ಗಾಜು ಇಳಸ್ರಿ" ಎಂದ ಡ್ರೈವರ್.

"ಸುಮ್ನ ನಡಿಯಪಾ. ಗಾಳಿಗೆ ಮುರೀತಾವ. ಇವು ಕೈ ಶಾವಿಗಿ."

ಮುಚ್ಚಿದ ಗಾಡಿಯಲ್ಲಿ ಇಬ್ಬರು ಬೆವರುತ್ತ ಕೂತರೆ ಒಳಗಿನ ಗಾಳಿಯ ತೇವ ಏರುತ್ತದೆ ಎಂದು ಹೇಳಲು ನಾನು ಬಾಯಿ ತೆರೆದೆ. ಶಿವಗಂಗಕ್ಕ ಟೆಂಪೋದ ಕಡೆ ನೋಡುತ್ತಲೇ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ನಾನು ಬಾಯಿ ಮುಚ್ಚಿದೆ.